ಜಿಂಕೆಯಿಲ್ಲದ ಬಂದೂಕು

೧೯೯೪ರಲ್ಲಿ, ಏಳನೆಯ ಇಯತ್ತೆ ಅರ್ಧಕ್ಕಿದ್ದಾಗ, ನಾನು ಓದು ಬಿಟ್ಟೆ. ಬಿಡಿಸಿದ್ದು ಯಾರೂ ಅಲ್ಲ. ಕಬ್ಬಿಣ ಕಾಯುವ ಬಣ್ಣ ನನಗೆ ಪುಸ್ತಕದ ಬಣ್ಣಕ್ಕಿಂತ ಹೆಚ್ಚು ಸೇರಿತು, ಅಷ್ಟೆ. ಆಮೇಲೆ ನಾನು ಕಲಿಯಲು ಕೈಕಟ್ಟಿ ಕೂತದ್ದು ಒಬ್ಬರ ಮುಂದೆ ಮಾತ್ರ, ಆಳಂದದ ಬಂದೂಕಿನ ಉಸ್ತಾದರ ಮುಂದೆ. ಅವರ ಎಡಗೈಯ ಎರಡು ಬೆರಳು ಅರ್ಧಕ್ಕೇ ಮುಗಿದಿದ್ದವು. ಆ ಮೋಟು ಬೆರಳುಗಳ ತುದಿ ಭೀಮಾ ನದಿಯ ನೀರಿನಲ್ಲಿ ಉರುಳಿ ಬಂದ ಕಲ್ಲಿನ ಹಾಗೆ ನುಣ್ಣಗಿತ್ತು. ಬಂದೂಕಿನ ನಳಿಗೆ ಪರೀಕ್ಷೆ ಮಾಡುವಾಗ ಅವರು ಸರಿಯಿದ್ದ ಬೆರಳುಗಳನ್ನು ಮಡಚಿಕೊಂಡು ಈ ಎರಡು ಮೋಟುಗಳನ್ನೇ ಅದರ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಕಣ್ಣು ಆಗ ಮುಚ್ಚಿರುತ್ತಿತ್ತು. ನಿದ್ದೆ ಹತ್ತಿತೇನೋ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನಮ್ಮದು ಕರಜಗಿ. ಊರಲ್ಲಿ ನನ್ನ ವೆಲ್ಡಿಂಗ್ ಅಂಗಡಿ, ಊರಾಚೆ ಕಬ್ಬಿನ ಹೊಲ. ಕಬ್ಬು ಸಿಹಿಯಾಗುವ ಹೊತ್ತಿಗೆ ಹಂದಿಗಳು ಬರುತ್ತವೆ. ಬೆಳೆ ಕಾಯುವ ಬಂದೂಕಿನ ಪರವಾನಗಿ ಅಪ್ಪನಿಂದ ನನ್ನ ಹೆಸರಿಗೆ ಬಂದಿತ್ತು. ಗುಂಡು ಹಾಕುವ ಪೈಕಿ ನಾವಲ್ಲ, ಬರಿ ಮದ್ದು ತುಂಬಿ ಸಪ್ಪಳ ಮಾಡುವುದು, ಹಂದಿ ಓಡಿಸುವುದು. ಅಪ್ಪನ ಹಳೆಯ ಬಂದೂಕು ತುಕ್ಕು ತಿಂದು ಹೋಗಿದ್ದರಿಂದ ನಾನು ಅದನ್ನು ಠಾಣೆಗೆ ಒಪ್ಪಿಸಿ, ಪರವಾನಗಿ ತೋರಿಸಿ, ಪಟ್ಟಣದ ಬಂದೂಕಿನ ಅಂಗಡಿಯಿಂದ ಬಿಡಿ ಸಾಮಾನಿನ ಒಂದು ಪೆಟ್ಟಿಗೆ ತಂದೆ. ನಳಿಗೆ, ಕುದುರೆ, ಕೆತ್ತದ ಕಟ್ಟಿಗೆ, ಮೊಳೆ, ಎಲ್ಲ ಅದರಲ್ಲೇ. ಹೊಸದಾಗಿ ಕಲಿಯುವವರು ತಾವೇ ಜೋಡಿಸಿಕೊಳ್ಳಲಿ ಎಂದು ಮಾಡಿದ್ದು. ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು ಕಚ್ಚಿಸಬೇಕು; ಅದು ಎದುರಿನ ಉಕ್ಕಿನ ತಗಡಿಗೆ ಬಡಿದು ಕಿಡಿ ಉದುರಬೇಕು; ಕಿಡಿ ಬಿದ್ದರೆ ಮದ್ದು ಹೊತ್ತುತ್ತದೆ. ನಾನು ಅದನ್ನು ಒಂದು ಬೇಸಗೆ ಪೂರ್ತಿ ಕೂತು ಜೋಡಿಸಿದೆ. ಕಟ್ಟಿಗೆಗೆ ಎಣ್ಣೆ ಕುಡಿಸಿ ಕುಡಿಸಿ ಕನ್ನಡಿ ಮಾಡಿದೆ. ಆದರೆ ಬೆಳಗಿನ ಮಂಜಿನಲ್ಲಿ, ಹಂದಿಗಳು ಕಣ್ಣೆದುರಿಗೇ ಕಬ್ಬು ಮುರಿಯುತ್ತಿದ್ದಾಗ, ಅದು ಟಕ್ ಎಂದು ಸುಮ್ಮನಾಗುತ್ತಿತ್ತು.

"ಬಂದೂಕ ಅಲ್ಲ ಅದು, ನಿಮ್ಮ ಗೇಟಿನ ಚಿಲಕ" ಎಂದು ಹೆಂಡತಿ ನಕ್ಕಳು.

ಆ ಮಾತಿಗೇ ನಾನು ಆಳಂದಕ್ಕೆ ಹೋದದ್ದು. ಉಸ್ತಾದರ ಅಂಗಡಿ ಎಂದರೆ ಒಂದು ಬಾಗಿಲಿನ ಕತ್ತಲೆ ಕೋಣೆ. ಒಳಗೆ ಎಣ್ಣೆ ಮತ್ತು ಹಳೆಯ ಮದ್ದಿನ ವಾಸನೆ. ನನ್ನ ಬಂದೂಕನ್ನು ಅವರು ಎರಡೂ ಕೈಯಲ್ಲಿ, ಮಗುವನ್ನು ತೆಗೆದುಕೊಂಡ ಹಾಗೆ ತೆಗೆದುಕೊಂಡರು. ಬಾಗಿಲು ಮುಚ್ಚಿಕೊಂಡು, ಮದ್ದಿಲ್ಲದೆ ಕುದುರೆ ಬಿಟ್ಟರು. ಕತ್ತಲಲ್ಲಿ ಎರಡು ಕೆಂಪು ಚುಕ್ಕೆ ಹುಟ್ಟಿ, ಬೀಳುವ ಮೊದಲೇ ಆರಿದವು.

"ಕಟ್ಟಿಗಿ ಕೆಲಸ ಯಾರದ್ದು?"

"ನಂದೇರಿ."

"ಕೈ ಛಲೋ ಅದ ನಿಂದು. ಉಕ್ಕು ಮೆತ್ತಗದ ಬೇಟಾ, ಕಿಡಿಗೆ ಜೀವ ಇಲ್ಲ. ಇದು ಕಲಿಯಾಕ ಬಂದದ್ದು. ಕಲತಿ. ಇನ್ನ ಇದನ್ನ ಸತಾಯಿಸಬ್ಯಾಡ."

ನನಗೆ ಸಿಟ್ಟು ಬಂದಿತ್ತು. ನಾನು ಮಾಡಿದ ಗೇಟುಗಳು ಅಫಜಲಪುರದ ತುಂಬ ನಿಂತಿವೆ, ಒಂದೂ ಜೋತು ಬಿದ್ದಿಲ್ಲ. ಆದರೂ ಮುಂದಿನ ಸಂತೆಗೆ ಮತ್ತೆ ಹೋದೆ. ಅದರ ಮುಂದಿನ ಸಂತೆಗೂ. ಹೀಗೇ ಒಂದು ವರ್ಷ ಕಳೆಯಿತು. ಮಾದನಹಿಪ್ಪರಗಾ ಕಡೆಯ ರೈತರು ಬಂದೂಕು ರಿಪೇರಿಗೆ ತಂದರೆ ಅವರು ಮೊದಲು ನನ್ನ ಕೈಗೆ ಕೊಡುತ್ತಿದ್ದರು. "ಕೇಳು" ಎನ್ನುತ್ತಿದ್ದರು. ನಳಿಗೆಯನ್ನು ಬಿಚ್ಚಿ, ಹುರಿಗೆ ಕಟ್ಟಿ ತೂಗುಬಿಟ್ಟು, ಮರದ ಸುತ್ತಿಗೆಯಿಂದ ಮೆತ್ತಗೆ ತಟ್ಟಬೇಕು. ಒಳ್ಳೆಯ ನಳಿಗೆ ಗುಡಿಯ ಗಂಟೆಯಂತೆ ಬಹಳ ಹೊತ್ತು ನಾದ ಬಿಡುತ್ತದೆ. ಆ ನಾದ ಪೂರ್ತಿ ಇಂಗುವವರೆಗೆ ಅವರ ಅಂಗಡಿಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಚಹಾ ತಂದವನೂ ಬಾಗಿಲಲ್ಲೇ ನಿಲ್ಲುತ್ತಿದ್ದ. ಕೆಲವು ಮಧ್ಯಾಹ್ನ ನನಗೆ ಆ ನಾದ ಮುಗಿಯಿತೋ ಇಲ್ಲವೋ ತಿಳಿಯದೆ, ಹೊರಗಿನ ಬಸ್ಸಿನ ಸದ್ದು, ನನ್ನ ಉಸಿರು, ಎಲ್ಲ ಅದರೊಳಗೇ ಕರಗಿದಂತೆ ಅನಿಸುತ್ತಿತ್ತು.

ಬೆರಳಿನ ಬಗ್ಗೆ ಒಂದೇ ಸಲ ಕೇಳಿದ್ದೆ. "ಒಮ್ಮೆ ನಾದ ಮುಗಿಯೋತನಕ ಕಾಯಲಿಲ್ಲ" ಎಂದರು. "ಸೀಳಿತ್ತು ಒಳಗ. ಹಾರಿಸಿದೆ."

ಜೇವರ್ಗಿಯ ಒಬ್ಬ ಸಾವಕಾರರು ವಾಡೆಯಲ್ಲಿದ್ದ ಎರಡು ಚಕಮಕಿ ಬಂದೂಕುಗಳಲ್ಲಿ ಒಂದನ್ನು ಕೊಡುತ್ತಾರೆ ಎಂಬ ಸುದ್ದಿ ಬಂದಾಗ ನಾನೇ ಉಸ್ತಾದರನ್ನು ಕರೆದುಕೊಂಡು ಹೊರಟೆ. ಬಸ್ಸು ಭೀಮೆಯ ಸೇತುವೆ ಹತ್ತಿದಾಗ ನೀರಿನ ಮೇಲೆ ಬಿಳಿ ಮಂಜು ಮಲಗಿತ್ತು. ಅವರು ಕಿಟಕಿಗೆ ತಲೆಯಾನಿಸಿ, ತಾವು ಚಿಕ್ಕವರಿದ್ದಾಗ ದಂಡೆಯಲ್ಲಿ ಚಕಮಕಿ ಕಲ್ಲು ಆರಿಸುತ್ತಿದ್ದುದನ್ನು ಹೇಳಿದರು. ಕಲ್ಲನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಜೇನಿನ ಬಣ್ಣ ಕಾಣಬೇಕಂತೆ.

"ಒಂದ ಮಾತು" ಎಂದರು ಇಳಿಯುವಾಗ. "ಅಲ್ಲಿ ನಾ ಬಾಯಿ ಬಿಡಂಗಿಲ್ಲ. ಆರಿಸಾಂವ ನೀನು."

"ನೀವು ಹೇಳಲಿಲ್ಲಂದ್ರ ನಿಮ್ಮನ್ಯಾಕ ಕರಕೊಂಡು ಬರ್ತಿದ್ದೆರಿ?"

"ನಾ ಹೇಳಿದ್ರ ಅದು ನನ್ನ ಬಂದೂಕ ಆಗ್ತದ. ಹಾರಿಸೋವಾಗ ಕಣ್ಣು-ಮಾರಿ ಮುಂದ ಹಿಡಿಯಾಂವ ನೀನು."

ಸಾವಕಾರರು ಎರಡನ್ನೂ ಪಡಸಾಲೆಯ ಜಮಖಾನದ ಮೇಲೆ ಇಡಿಸಿದರು. ಒಂದರ ನಳಿಗೆಯ ನಡುವೆ ಹಿತ್ತಾಳೆಯ ಜಿಂಕೆ ಓಡುತ್ತಿತ್ತು. ಅದರ ಸುತ್ತ ಬಳ್ಳಿ, ಬಳ್ಳಿಯಲ್ಲಿ ಹೂವು. ಕಿಟಕಿಯ ಬಿಸಿಲು ಬಿದ್ದರೆ ಜಿಂಕೆಯ ಕಾಲು ಆಡಿದಂತೆ ಕಾಣುತ್ತಿತ್ತು. ಇನ್ನೊಂದು ಬರಿಮೈಯದು, ಕರಿ ಕಬ್ಬಿಣ, ಹಿಡಿ ಸವೆದ ಕಟ್ಟಿಗೆ.

"ಈ ಜಿಂಕಿ ಬಂದೂಕು ನಮ್ಮ ಮುತ್ಯಾಂದು" ಎಂದರು ಸಾವಕಾರರು. "ಆ ಇನ್ನೊಂದು ಹೊಲ ಕಾಯೋರ ಕೈಯಾಗಿತ್ತು. ಮಧ್ಯಾಹ್ನ ಇನ್ನೊಬ್ಬರು ಬರಾಕತ್ತಾರ. ಅದರೊಳಗ ಹೇಳಿಬಿಡ್ರಿ ಯಾವುದಂತ."

ನನ್ನ ಮನಸ್ಸು ಆಗಲೇ ಹೇಳಿಯಾಗಿತ್ತು. ಜಿಂಕೆಯ ಬಂದೂಕು ಹೆಗಲಿಗೇರಿಸಿ ಕರಜಗಿಯಲ್ಲಿ ಇಳಿಯುವುದು, ಹೆಂಡತಿ ಬಾಗಿಲಲ್ಲಿ ನಿಲ್ಲುವುದು, ಎಲ್ಲ ಕಣ್ಣಮುಂದೆ ಹಾದುಹೋಯಿತು. ಮದ್ದಿಲ್ಲದೆ ಕುದುರೆ ಬಿಟ್ಟೆ. ಕಿಡಿ ಹೂವಿನ ಹಾಗೆ ಉದುರಿತು. ಉಸ್ತಾದರ ಕಡೆ ನೋಡಿದೆ. ಅವರು ಬಶಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು.

ಆದರೂ ವರ್ಷದ ರೂಢಿ. ನಳಿಗೆ ಬಿಚ್ಚಿದೆ, ಹುರಿ ಕಟ್ಟಿದೆ, ತಟ್ಟಿದೆ. ನಾದ ಹುಟ್ಟಿತು, ನಡುವೆ ಎಲ್ಲೋ ಮುಗ್ಗರಿಸಿತು. ಹಿತ್ತಾಳೆ ಕೂಡಿಸಿದ್ದಕ್ಕೆ ಹಾಗಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮತ್ತೆ ತಟ್ಟಿದೆ. ಜಿಂಕೆಯನ್ನೇ ನೋಡುತ್ತ ಕೂತೆ. ಅಲಂಕಾರ ಮಾಡುವವನು ಜಿಂಕೆಯನ್ನು ಹಿಡಿಯ ಹತ್ತಿರ ಕೂಡಿಸುತ್ತಾನೆ, ಇಲ್ಲವೆ ಬಾಯಿಯ ಹತ್ತಿರ. ಇದ್ಯಾಕೆ ಇಲ್ಲಿ, ನಟ್ಟನಡುವೆ, ಒಂದು ಬದಿಗೆ ವಾಲಿ?

ಗೇಟು ಮಾಡುವಾಗ ಒಂದು ಬೆಸುಗೆ ಚಂದ ಬರಲಿಲ್ಲವೆಂದರೆ ನಾವು ಅದರ ಮೇಲೊಂದು ಹೂವು ಕೂಡಿಸುತ್ತೇವೆ. ಗಿರಾಕಿ ಹೂವು ನೋಡಿ ಖುಷಿಯಾಗುತ್ತಾನೆ. ಕೈ ಒಯ್ದು ಜಿಂಕೆಯ ಹೊಟ್ಟೆಯ ಕೆಳಗೆ ಉಗುರು ಎಳೆದೆ. ಕೂದಲಿನಷ್ಟು ಸಣ್ಣ ಗೆರೆಯೊಂದು ಉಗುರಿಗೆ ತಾಗಿತು. ಬಳ್ಳಿ ಹೋದಷ್ಟು ದೂರ ಆ ಗೆರೆಯೂ ಹೋಗಿತ್ತು.

ಬರಿಮೈ ಬಂದೂಕಿನ ನಳಿಗೆ ತೂಗುಬಿಟ್ಟು ತಟ್ಟಿದೆ. ಪಡಸಾಲೆ ತುಂಬಿ, ಕಂಬಗಳನ್ನು ಬಳಸಿ, ಅಂಗಳಕ್ಕೆ ಇಳಿದು ಹೋಯಿತು ಆ ನಾದ. ಬಶಿ ಹಿಡಿದ ಉಸ್ತಾದರ ಕೈ ನಿಂತಿತ್ತು.

"ಇದು ಕೊಡ್ರಿ" ಎಂದೆ. ಸುಮ್ಮನಿರಲಾಗಲಿಲ್ಲ, ಸೇರಿಸಿದೆ: "ಅದು ಜಿಂಕಿ ಕೆಳಗ ಸೀಳೇದರಿ ಸಾವಕಾರ್ರ. ಬರೋರಿಗೆ ಕೊಡಬ್ಯಾಡ್ರಿ."

ಸಾವಕಾರರ ಮುಖ ಕೆಂಪಾಯಿತು. "ನಮ್ಮ ಮುತ್ಯಾನ ಬಂದೂಕಿಗೆ ಹೆಸರಿಡ್ತೀಯೇನಲೇ? ಗೇಟ್ ಮಾಡೋ ಮಗನ, ನಿನಗೇನು ತಿಳೀತದ?"

ಆಗ ಉಸ್ತಾದರು ಬಶಿ ಕೆಳಗಿಟ್ಟು ಎಡಗೈಯನ್ನು ಜಮಖಾನದ ಮೇಲೆ, ಜಿಂಕೆಯ ಪಕ್ಕದಲ್ಲಿ ಅಂಗಾತ ಇಟ್ಟರು.

"ಗ್ವಾಡಿಗೆ ಹಾಕ್ರಿ ಇದನ್ನ" ಎಂದರು ಮೆಲ್ಲಗೆ. "ಮುತ್ಯಾನ ನೆನಪಿಗೆ ಚಂದ ಕಾಣ್ತದ. ಮದ್ದು ಮಾತ್ರ ತೋರಿಸಬ್ಯಾಡ್ರಿ."

ಸಾವಕಾರರು ಆ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಕೂಗಿ ಇನ್ನೊಂದು ಸುತ್ತು ಚಹಾ ಹೇಳಿದರು. ಜಿಂಕೆಯ ಬಂದೂಕನ್ನು ತಾವೇ ಎತ್ತಿ ಒಳಗಿಟ್ಟು ಬಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ, "ಒಂದು ವ್ಯಾಳ್ಯಾ ನಾ ಜಿಂಕೀದೇ ಬೇಕಂದಿದ್ರ ಏನ್ ಮಾಡ್ತಿದ್ರಿ ಉಸ್ತಾದ್?"

"ಎದ್ದು ನಿನ್ನ ಕೈ ಹಿಡೀತಿದ್ದೆ." ಅವರು ನಕ್ಕರು. "ಅಷ್ಟ್ ಹುಚ್ಚ ಅಲ್ಲಪಾ ನಾ. ಆದ್ರ ಹಿಡಿಯೂ ಪ್ರಸಂಗ ಬರಲಿಲ್ಲ ನೋಡು. ಅದಕ್ಕ ಖುಷಿ ಆತು."

ಬಂದೂಕು ನನ್ನ ಹೆಸರಿಗೆ ಬರಲು ಕಚೇರಿಯ ಕಾಗದವೆಲ್ಲ ಮುಗಿಯಬೇಕಿತ್ತು. ಅಷ್ಟರಲ್ಲಿ ಉಸ್ತಾದರು ಹಾಸಿಗೆ ಹಿಡಿದಿದ್ದರು. ಕಣ್ಣಿಗೂ ಪೊರೆ ಬಂದಿತ್ತು. ಬಂದೂಕು ಕೈಗೆ ಬಂದ ದಿನವೇ ಆಳಂದದ ಅವರ ಮನೆಗೆ ಹೋದೆ. ಅವರ ಮಗಳು ಕಿಟಕಿ ಮುಚ್ಚಿ, ಬಾಗಿಲಿಗೆ ಚಾದರ ಎಳೆದಳು. ಮಂಚದ ಪಕ್ಕ ಕೂತು ಬರಿ ಕುದುರೆ ಬಿಟ್ಟೆ. ಕಿಡಿಗಳು ಒಂದು ಹಿಡಿ ಜೋಳದ ಕಾಳು ಚೆಲ್ಲಿದ ಹಾಗೆ ಕತ್ತಲಲ್ಲಿ ಚೆಲ್ಲಿದವು.

"ಕಂಡೂ ಏನ್ರಿ?"

"ಕಂಡೂ" ಎಂದರು. "ಇನ್ನೊಮ್ಮೆ ಬಿಡು."

ಬಿಟ್ಟೆ. ಮತ್ತೆ ಬಿಡು ಎಂದರು. ಹೊರಗೆ ಯಾರೋ ಮೇಕೆ ಕರೆಯುತ್ತಿದ್ದರು. ಒಳಗೆ ನಾವು ಮೂವರು ಆ ಕೆಂಪು ಚುಕ್ಕೆಗಳು ಹುಟ್ಟುವುದನ್ನು, ಬೀಳುವುದನ್ನು ನೋಡುತ್ತ ಕೂತೆವು. ಕಲ್ಲಿನ ಅಂಚು ಮೊಂಡಾಗಿ ಕಿಡಿ ಕಡಿಮೆಯಾದಾಗ ಅವರೇ ಹೇಳಿದರು, "ಕಲ್ಲು ಬದಲ್ ಮಾಡು. ಮನಿಗೆ ಹೋಗು, ನಿನ್ನ ಕಬ್ಬು ಕಾಯೋರ್ಯಾರು?"

ಆ ಚಳಿಗಾಲ ದಾಟಲಿಲ್ಲ ಅವರು. ಅವರ ಗೋರಿಗೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಈಗ ಅವರ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಮಾದನಹಿಪ್ಪರಗಾದವರು ಬಂದೂಕು ಗೋಣಿಯಲ್ಲಿ ಸುತ್ತಿಕೊಂಡು ನನ್ನ ವೆಲ್ಡಿಂಗ್ ಅಂಗಡಿಗೆ ಬರುತ್ತಾರೆ, ಒಳ್ಳೆಯದೋ ಕೆಟ್ಟದ್ದೋ ಹೇಳ್ರಿ ಎಂದು. ನಾನು ನಳಿಗೆ ತೂಗುಬಿಡುತ್ತೇನೆ. ರಿಪೇರಿಗೆ ಮಾತ್ರ ಕೈ ಹಾಕುವುದಿಲ್ಲ. ಅದಕ್ಕೆ ಬೇರೆ ಪರವಾನಗಿ ಬೇಕು, ಅದು ಉಸ್ತಾದರ ಹತ್ತಿರ ಇತ್ತು, ನನ್ನ ಹತ್ತಿರ ಇಲ್ಲ.

ನನ್ನ ಹತ್ತಿರ ಇರುವುದು ಮೂರೆಕರೆ ಕಬ್ಬು, ಒಂದು ವೆಲ್ಡಿಂಗ್ ಅಂಗಡಿ, ಇಬ್ಬರು ಹೆಣ್ಣುಮಕ್ಕಳು, ಎರಡು ಬಂದೂಕು. ಒಂದು ಹಾರುತ್ತದೆ.