ಟೈರು, ಸಸ್ಪೆನ್ಷನ್ ಮತ್ತು ಹತ್ತು ಸಿವುಡು ಹುರುಳಿ

ಚಿನ್ನವ್ವ, ಪುಟ್ಯಾ, ಕಳೆದ ದೀಪಾವಳಿಯಲ್ಲಿ ಹೋಳಿಗೆ ಊಟ ಮುಗಿಸಿ ನಿಮ್ಮಪ್ಪ ಮತ್ತು ನಿಮ್ಮ ಸೋದರಮಾವ ಕಟ್ಟೆಯ ಮೇಲೆ ಕೂತು ಎಂದಿನ ವಾದ ತೆಗೆದರು. ಆಗ ನೀವಿಬ್ಬರೂ ನನ್ನ ಸೆರಗು ಜಗ್ಗಿ ಕೇಳಿದಿರಿ. ಕಾರು ರಸ್ತೆಯನ್ನು ಗಟ್ಟಿಯಾಗಿ ಹಿಡಿದು ಓಡಬೇಕಾದರೆ ಟೈರು ಮುಖ್ಯವೋ, ಸಸ್ಪೆನ್ಷನ್ ಮುಖ್ಯವೋ, ಅಜ್ಜಿ ನೀನೇ ಹೇಳು ಎಂದು. ನಾನು ಮೊಸರು ತರುತ್ತೇನೆಂದು ಎದ್ದು ಒಳಗೆ ಹೋದೆ. ಮೊಸರು ಆಗಲೇ ಖಾಲಿಯಾಗಿತ್ತು. ಅದು ನನಗೆ ಗೊತ್ತಿತ್ತು, ನಿಮಗೂ ಗೊತ್ತಿತ್ತು ಎಂದು ಕಾಣುತ್ತದೆ.

ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ನನಗೆ ಮೊದಲಿನಿಂದಲೂ ಆಗುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಅಲ್ಲಿಯೂ ಉತ್ತರ ಗೊತ್ತಿದ್ದಾಗ ತಲೆ ತಗ್ಗಿಸುತ್ತಿದ್ದೆ. ಗೊತ್ತಿಲ್ಲದವರು ಕೈ ಎತ್ತುತ್ತಿದ್ದರು. ಮನೆಯಲ್ಲಿಯೂ ಲೋಕದಲ್ಲಿಯೂ ಹಾಗೇ ನಡೆದಿದೆ ಎಂದು ಆಮೇಲೆ ತಿಳಿಯಿತು. ಆದರೆ ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಈ ವಾದ ಹುಟ್ಟಿದ್ದು ಚಿನ್ನವ್ವ ಹುಟ್ಟುವುದಕ್ಕೆ ಎರಡು ತಿಂಗಳು ಮೊದಲು. ನಿಮ್ಮಜ್ಜ ತೀರಿಕೊಂಡು ಒಂದು ವರ್ಷ ಕಳೆದಿತ್ತು. ನಿಮ್ಮವ್ವನಿಗೆ ಏಳು ತಿಂಗಳು ತುಂಬಿ, ಗಂಗಾವತಿಯ ಗಂಡನ ಮನೆಯಲ್ಲಿ ಸೀಮಂತದ ಕುಬಸ ಆಗಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅದು ನಮ್ಮಲ್ಲಿಯ ಪದ್ಧತಿ. ಅಪ್ಪನಿಲ್ಲದ ಮನೆಗೆ ಬಂದು ಅವ್ವನ ಹತ್ತಿರ ನಾಲ್ಕು ತಿಂಗಳು ಇರಬೇಕೆಂದು ಅವಳಿಗೂ ಆಸೆ. ನಾನು ಬೇವೂರಿನ ಹತ್ತಿರದ ಈ ಮನೆಯ ನಡುಕೋಣೆಗೆ ಸುಣ್ಣ ಬಳಿದು, ಹೊರಸಿಗೆ ಹೊಸ ನವಾರು ಹಾಕಿಸಿ, ಬಾಣಂತಿಗೆ ಅಂಟಿನ ಉಂಡಿ ಮಾಡಲು ಒಣಕೊಬ್ಬರಿ, ಉತ್ತತ್ತಿ ತಂದಿಟ್ಟು ಕಾಯುತ್ತಿದ್ದೆ. ಡಾಕ್ಟರು ಮಾತ್ರ ಒಂದು ಮಾತು ಹೇಳಿದ್ದರು: ಪ್ರಯಾಣ ಮಾಡಬಹುದು, ಆದರೆ ಗಾಡಿ ಕುಲುಕಬಾರದು.

ಆ ಒಂದು ಮಾತನ್ನು ಇಬ್ಬರು ಗಂಡಸರು ಹಂಚಿಕೊಂಡರು.

ನಿಮ್ಮ ಮಾವ ಯಲಬುರ್ಗಾದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟು, ಆಗಷ್ಟೇ ಒಂದು ಹಳೆಯ ಕಾರು ಕೊಂಡಿದ್ದ. ಕಾರಿನಲ್ಲಿ ಅವನು ನೋಡುವುದು ಟೈರು ಒಂದನ್ನೇ. ಎತ್ತು ಕೊಳ್ಳುವವರು ಗೊರಸು ನೋಡುವಂತೆ ಕೂತು, ಹೆಬ್ಬೆರಳ ಉಗುರನ್ನು ರಬ್ಬರಿಗೆ ಒತ್ತಿ, ಕಣ್ಣು ಮುಚ್ಚಿ ಯೋಚಿಸುತ್ತಿದ್ದ. ನಿಮ್ಮಪ್ಪ ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುವವರು. ಹಗಲೆಲ್ಲ ನಡುಗುವ ಯಂತ್ರಗಳ ನಡುವೆ ಇದ್ದು, ಜಗತ್ತಿನ ಎಲ್ಲ ಕಷ್ಟಕ್ಕೂ ನಡುಕವೇ ಕಾರಣವೆಂದು ಅವರು ನಂಬಿದ್ದರು. ಅವರು ಟೈರಿನ ಕಡೆ ನೋಡುವುದೇ ಇಲ್ಲ. ಕಾರಿನ ಮೂಲೆಗೆ ಅಂಗೈ ಊರಿ ಒಮ್ಮೆ ಜೋರಾಗಿ ಒತ್ತಿ ಬಿಡುತ್ತಾರೆ. ಒಳ್ಳೆಯ ಕಾರು ಒಮ್ಮೆ ಎದ್ದು ಸುಮ್ಮನೆ ನಿಲ್ಲಬೇಕಂತೆ. ಅಕ್ಕನನ್ನು ಕರೆತರಲು ಗಂಗಾವತಿಗೆ ಹೋದ ನಿಮ್ಮ ಮಾವನ ಕಾರು ಮೂರು ಸಲ ತಲೆಯಾಡಿಸಿತು.

"ತಮ್ಮಾ, ಇದು ಕಾರಲ್ಲ, ತೊಟ್ಟಲಾ. ಕೂಸು ಹುಟ್ಟಿದ ಮ್ಯಾಲ ತಗೊಂಡು ಬಾ" ಎಂದರಂತೆ.

"ತೊಟ್ಟಲಾ ತೂಗಿದ್ರ ಕೂಸು ಮಲಗತೈತಿ ಭಾವಾರ, ಜಾರಿದ್ರ ಬೀಳತೈತಿ. ಜಾರಬಾರದು ಅಂದ್ರ ಟೈರು ಬೇಕು" ಎಂದು ಇವನು.

ಅಂದು ನನ್ನ ಮಗಳು ಕಾರಿನಲ್ಲಿ ಬರಬೇಕಾಗಿತ್ತು. ಬರಲಿಲ್ಲ. ಶಾಕಬ್ಸರ್ ಬದಲಿಸದ ಕಾರಿನಲ್ಲಿ ಹೆಂಡತಿಯನ್ನು ಕಳಿಸುವುದಿಲ್ಲವೆಂದು ಅಳಿಯ, ಹೊಸ ಟೈರಿಲ್ಲದೆ ಅಕ್ಕನನ್ನು ಕೂರಿಸಿಕೊಳ್ಳುವುದಿಲ್ಲವೆಂದು ಮಗ. ಶಾಕಬ್ಸರ್ ಎಂದರೆ ಗುಂಡಿಯಲ್ಲಿ ಇಳಿದೆದ್ದಾಗ ಏಟು ನುಂಗುವ ಕೊಳವೆಯಂತೆ. ಹದಿನೈದು ದಿನ ಫೋನಿನಲ್ಲಿ ಮಾತುಕತೆ ನಡೆಯಿತು. ನಿಮ್ಮಪ್ಪ, ಅವ್ವನ ಮದುವೆಯ ಮಾತುಕತೆ ಕೂಡ ಒಂದೇ ಮಧ್ಯಾಹ್ನದಲ್ಲಿ ಮುಗಿದಿತ್ತು. ಕೊನೆಗೆ ರಾಜಿ ಆಯಿತು: ನಾಲ್ಕೂ ಟೈರು ಹೊಸವು, ಮುಂದಿನ ಎರಡು ಶಾಕಬ್ಸರ್ ಹೊಸವು, ಹಿಂದಿನವು ಸದ್ಯಕ್ಕೆ ಹಳೆಯವೇ. ಹೊಟ್ಟೆ ಹೊತ್ತವಳು ಹಿಂದಿನ ಸೀಟಿನಲ್ಲಿ ಕೂರುತ್ತಾಳೆಂಬುದು ಇಬ್ಬರಿಗೂ ನೆನಪಾಗಲಿಲ್ಲ.

ಹೊಸ ಟೈರಿಗೆ ಪೂಜೆಯೂ ಆಯಿತು. ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಹಾಯಿಸಿದ. ನಿಂಬೆಹಣ್ಣು ಚೊಕ್ಕವಾಗಿ ಒಡೆದದ್ದನ್ನು ನೋಡಿ, ಹಿಡಿತವೆಂದರೆ ಇದು ಎಂದು ಭಾವನಿಗೆ ಫೋಟೋ ಕಳಿಸಿದ.

ಈಗ ನನ್ನ ಪಾಲಿಗೆ ಬರುತ್ತೇನೆ.

ನಿಮ್ಮವ್ವ ಫೋನಿನಲ್ಲಿ ದನಿ ತಗ್ಗಿಸಿ ನನಗೊಂದು ಬಯಕೆ ಹೇಳಿದ್ದಳು. ಹೊಸ ಹುರುಳಿಯ ಕಟ್ಟಿನ ಸಾರು, ಬಿಸಿ ಮುದ್ದಿ. ಹುರುಳಿ ಉಷ್ಣ, ಬಸುರಿಗೆ ಕೊಡಬಾರದೆಂದು ಅವಳ ಅತ್ತೆ ಡಬ್ಬಿಯನ್ನೇ ಕೈಗೆಟುಕದ ಮೇಲಿನ ಮಾಡಕ್ಕೆ ಏರಿಸಿದ್ದರು. "ಒಂದ ತುತ್ತು ಸಾಕು ಬೇ ಯವ್ವ, ಯಾರಿಗೂ ಹೇಳಬ್ಯಾಡ" ಎಂದಳು. ಆ ವರ್ಷದ ನಮ್ಮ ಹುರುಳಿ ಕಿತ್ತು ಹೊಲದಲ್ಲಿ ಬಣವೆ ಹಾಕಿತ್ತು. ಒಕ್ಕುವ ಯಂತ್ರ ಬರುವುದು ಇನ್ನೂ ಒಂದು ವಾರ ಎಂದು ಮಗ ಹೇಳಿ ಹೋಗಿದ್ದ. ಬಯಕೆ ಒಂದು ವಾರ ಕಾಯುತ್ತದೆಯೇ?

ನಮ್ಮ ಕಡೆ ಹುರುಳಿ, ಸಜ್ಜೆ, ಏನಿದ್ದರೂ ಡಾಂಬರು ರಸ್ತೆಯ ಮೇಲೆ ಹರವುವುದು ನೀವು ನೋಡಿದ್ದೀರಿ. ಬಸ್ಸು, ಟ್ರ್ಯಾಕ್ಟರು ಅದರ ಮೇಲೆ ಹಾಯ್ದು ಕಾಳು ಬಿಡಿಸಿಕೊಟ್ಟು ಹೋಗುತ್ತವೆ. ಸರ್ಕಾರ ರಸ್ತೆ ಮಾಡಿದ್ದು ಅದಕ್ಕೇ ಎಂದು ಬಹಳ ವರ್ಷ ನಾನೂ ತಿಳಿದಿದ್ದೆ. ಮಗ, ಮಗಳು, ಅಳಿಯ ಬರುವ ದಿನ ಬೆಳಗ್ಗೆ ಹೊಲಕ್ಕೆ ಹೋಗಿ ಹುರುಳಿ ಗಿಡದ ಕಟ್ಟು, ಅಂದರೆ ಸಿವುಡು, ಹೊತ್ತು ತಂದೆ. ಒಂದು ಸಾರಿಗೆ ಎರಡು ಸಿವುಡು ಸಾಕಾಗಿತ್ತು. ಮಗಳ ನೆನಪಿನಲ್ಲಿ ಕೈ ದೊಡ್ಡದಾಯಿತು, ಹತ್ತಾದವು. ನಮ್ಮ ಹೊಲದ ಮುಂದೆ ರಸ್ತೆ ಕಿತ್ತುಹೋಗಿತ್ತು. ಸ್ವಲ್ಪ ಆಚೆ, ಊರಿನ ತಿರುವಿನಲ್ಲಿ ಹೊಸ ಡಾಂಬರು ಬಿದ್ದು ಕನ್ನಡಿಯಂತಿತ್ತು. ಅಲ್ಲಿಯೇ ಹರವಿದೆ. ಅವರು ಸಂಜೆಗೆ ಬರುವವರು, ಮಧ್ಯಾಹ್ನದೊಳಗೆ ಕೂಡಿಸಿಬಿಟ್ಟರಾಯಿತು ಎಂದು ಬೇವಿನ ಮರದ ಹಿಂದೆ ನೆರಳಿಗೆ ಕೂತೆ. ಎರಡು ಬಸ್ಸು ಹಾಯ್ದವು. ಸಿಪ್ಪೆ ಬಿರಿದು ಕಾಳು ತಿರುವಿನ ತುಂಬ ಹರಡಿ ಮಿಂಚುತ್ತಿತ್ತು.

ಅವರು ನಿಧಾನ ಬರಬೇಕೆಂದು ಬೇಗ ಹೊರಟಿದ್ದರಂತೆ. ಮೊದಲು ಫೋನ್ ಮಾಡಿದ್ದರಂತೆ. ನನ್ನ ಫೋನು ಮನೆಯ ಗೂಡಿನಲ್ಲಿ ಒಂದೇ ಕೂತು ಬಡಿದುಕೊಳ್ಳುತ್ತಿತ್ತು.

ಗಂಗಾವತಿಯಿಂದ ಕೊಪ್ಪಳ ದಾಟಿ ಬರುವವರೆಗೆ ಕಾರು ಮದುಮಗಳಂತೆ ಬಂದಿತ್ತು. ಊರಿನ ತಿರುವು ಕಂಡಾಗ ನಿಮ್ಮ ಮಾವನಿಗೆ ಹುರುಪು ಬಂದು, ಈಗ ನೋಡ್ರಿ ಭಾವಾರ ಟೈರಿನ ಹಿಡಿತ ಎಂದು ವೇಗ ಕಡಿಮೆ ಮಾಡದೆ ತಿರುಗಿಸಿದನಂತೆ. ಇದನ್ನು ನಿಮ್ಮವ್ವ ಆಮೇಲೆ ಹೇಳಿದಳು. ನಾನು ಕಂಡದ್ದು ಇಷ್ಟು: ಕಾರು ಬೆಣ್ಣೆಯ ಮೇಲೆ ಬಂದಂತೆ ಸದ್ದಿಲ್ಲದೆ ಅಡ್ಡಡ್ಡ ಬಂತು, ಹಿಂಭಾಗ ಮುಂದಾಯಿತು, ಬಂದ ದಾರಿಯ ಕಡೆಗೇ ಮುಖ ಮಾಡಿ ಹಿಂದಿನ ಒಂದು ಚಕ್ರವನ್ನು ಕಾಲುವೆಯಲ್ಲಿ ಇಳಿಸಿ ನಿಂತಿತು.

ಕಾಳು ಕೇರಲು ತಂದಿದ್ದ ಮೊರ ಹಿಡಿದುಕೊಂಡೇ ಓಡಿದೆ. ಹಿಂದಿನ ಬಾಗಿಲು ತೆರೆಯಿತು. ನಿಮ್ಮವ್ವ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಇಳಿದಳು. ಬಣ್ಣ ಹೋದ ಮುಖದಲ್ಲಿ ನನ್ನನ್ನು ನೋಡಿ, "ಯವ್ವಾ, ಬಂದ್ನಿ ನೋಡು" ಎಂದಳು. ಆಮೇಲೆ, ಒಳಗಿನದು ಒದೆಯುತ್ತಿದೆ ಎಂದು ನನ್ನ ಕೈ ಹಿಡಿದು ತೋರಿಸಿದಳು. ಚಿನ್ನವ್ವ, ನಿನ್ನನ್ನು ನಾನು ಮೊದಲು ಮುಟ್ಟಿದ್ದು ಆಗ.

ಗಂಡಸರು ಇಬ್ಬರೂ ಹುರುಳಿಯ ಮೇಲೆ ನಿಂತಿದ್ದರು. ಹೆಜ್ಜೆ ಇಟ್ಟರೆ ಜಾರುತ್ತಿದ್ದರು. ನಿಮ್ಮಪ್ಪ ಒಮ್ಮೆ ಕಾರಿನ ಬಾಗಿಲು ಹಿಡಿದು ಸಾವರಿಸಿಕೊಂಡು, ಹಿಂದಿನ ಶಾಕಬ್ಸರ್ ಹಾಕಿಸದಿದ್ದಕ್ಕೇ ಬಾಲ ಹೊರಳಿತು ಎಂದರು. ನಿಮ್ಮ ಮಾವ ಅವರ ತೋಳು ಹಿಡಿದು ನಿಂತು, ಹೊಸ ಟೈರಿಲ್ಲದಿದ್ದರೆ ಇಷ್ಟು ಹೊತ್ತಿಗೆ ಎಲ್ಲರೂ ಕಾಲುವೆಯಲ್ಲಿರುತ್ತಿದ್ದೆವು ಎಂದ. ರಸ್ತೆಯ ಮೇಲೆ ಕಾಳು ಕಂಡು ಕಂಡು, ಅದು ಅವರಿಗೆ ಕಾಣುವುದೇ ನಿಂತುಹೋಗಿತ್ತು. ಒಮ್ಮೆ ಮಾತ್ರ ಮಗ, ಯಾರೋ ಬುದ್ಧಿಗೇಡಿ ತಿರುವಿನಲ್ಲಿ ಹುರುಳಿ ಹಾಕಿದ್ದಾನೆ ಎಂದು ಬೈದು, ನನ್ನ ಕಡೆ ತಿರುಗಿ ಕಣ್ಣು ತುಂಬಿಕೊಂಡ. "ಪಾಪ, ಯವ್ವ ಮುಂಜಾನಿಂದ ಇಲ್ಲೇ ಹಾದಿ ಕಾಯಾಕತ್ಯಾಳ ನೋಡ್ರಿ ಭಾವಾರ." ನಾನು ಕೈಯಲ್ಲಿದ್ದ ಮೊರವನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

ಜನ ಕೂಡಿ ಕಾರನ್ನು ಎತ್ತಿ ಮನೆಗೆ ತಂದರು. ಅದು ಕಟಕಟ ಎನ್ನುತ್ತಿತ್ತು. ನಿಮ್ಮಪ್ಪ ಚಹಾ ಕುಡಿಯುವ ಮೊದಲೇ ತೀರ್ಪು ಕೊಟ್ಟರು: ನಾಳೆ ಬೇರೆ ಗಾಡಿ ತರಿಸಿ ಇವಳನ್ನು ಗಂಗಾವತಿಗೆ ಕರೆದೊಯ್ಯುತ್ತೇನೆ, ನೋವು ಬಂದ ದಿನ ಈ ಕಾರನ್ನು ನಂಬಿ ಕೂರಲಾಗುವುದಿಲ್ಲ, ಹೆರಿಗೆ ಅಲ್ಲಿಯೇ ಆಗಲಿ. ಸುಣ್ಣ ಬಳಿದ ನಡುಕೋಣೆಗೆ ಹೋಗಿ ನಿಮ್ಮವ್ವ ಹೊಸ ನವಾರಿನ ಮೇಲೆ ಕೈಯಾಡಿಸಿದಳು. ಕಾರಿನದೇನೂ ತಪ್ಪಿಲ್ಲ, ಹುರುಳಿ ನನ್ನದು ಎಂದು ನಾನು ಹೇಳಬೇಕಾಗಿತ್ತು. ಹೇಳಿದರೆ ಹುರುಳಿ ಯಾಕೆ ಎಂದು ಕೇಳುತ್ತಾರೆ, ಮಗಳ ಗುಟ್ಟು ಬೀಗರ ಮನೆಗೆ ಹೋಗುತ್ತದೆ ಎಂದು ನೆಪ ಹುಡುಕಿಕೊಂಡೆ. ನಿಜ ಹೇಳಬೇಕೆಂದರೆ, ಹೆದರಿದ್ದೆ. ಸಗಣಿ ಆರಿಸಲು ಹೋಗುವವಳಂತೆ ಬುಟ್ಟಿ ಹಿಡಿದು ಹೋಗಿ ಕಾಳೆಲ್ಲ ಬಳಿದು ತಂದೆ.

ಮರುದಿನ ಕುಷ್ಟಗಿಯಿಂದ ಮಿಸ್ತ್ರಿ ಬಂದರು. ನಿಮ್ಮಜ್ಜನ ಕಾಲದಿಂದ ನಮ್ಮ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ವಯಸ್ಸಾದ ಸಾಹೇಬರು. ಗಂಡಸರು ಅವರನ್ನು ನ್ಯಾಯ ಹೇಳಲು ಕರೆಸಿದಂತೆ ಎರಡೂ ಬದಿ ನಿಂತರು. ಸಾಹೇಬರು ಕಾರಿನ ಕೆಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಅಂಗೈ ಬಿಚ್ಚಿದರು. ಟೈರಿನ ಗೆರೆಗಳಿಂದ ಕಿತ್ತ ಹುರುಳಿ, ಹಿಂದಿನ ಸ್ಪ್ರಿಂಗಿನಲ್ಲಿ ಸಿಕ್ಕ ಹೊಟ್ಟು. ಒಳಗೆ ಒಲೆಯ ಮೇಲೆ ಹುರುಳಿ ಕುದಿದು ಪಡಸಾಲೆಯ ತುಂಬ ವಾಸನೆ. ನೀರು ಕೊಡಲು ಹೋದ ನನ್ನ ಸೆರಗಿನ ಅಂಚಿನಲ್ಲಿಯೂ ಅದೇ ಹೊಟ್ಟು. ಅವರು ಅಂಗೈ ನೋಡಿದರು, ಸೆರಗು ನೋಡಿದರು, ಒಮ್ಮೆ ಮೂಗೆಳೆದುಕೊಂಡರು. ಆಮೇಲೆ ಅಂಗೈಯನ್ನು ಜೇಬಿಗೆ ಕೊಡವಿಕೊಂಡು ಹೇಳಿದರು.

"ನೋಡ್ರಿ, ನೆಲ ಮುಟ್ಟೋದು ಟೈರ್ ಒಂದ. ಅದು ಸವೆದಿತ್ತಂದ್ರ ಉಳಿದದ್ದೆಲ್ಲಾ ಬೇಕಾರ್. ಆ ಟೈರು ನೆಲ ಬಿಡದಂಗ ಒತ್ತಿ ಹಿಡಿಯೋದು ಸಸ್ಪೆನ್ಷನ್. ಅದು ಕೆಟ್ಟಿತ್ತಂದ್ರ ಹೊಸ ಟೈರೂ ಗುಂಡ್ಯಾಗ ಜಿಗದಾಡತೈತಿ. ಪಾದ ಮೊದಲೋ ಮೊಣಕಾಲು ಮೊದಲೋ ಅಂದಂಗ ಆತು. ಆದ್ರ ಟೈರಿಗೂ ನೆಲಕ್ಕೂ ನಡುವ ಕಾಳು ಬಂದು ಕುಂತ್ರ, ಇಬ್ಬರದೂ ನಡೆಯಂಗಿಲ್ಲ. ಮತ್ತ ಗಾಳಿ ಯಾಕ ಕಲ್ಲಿನಂಗ ತುಂಬಿಸೀರಿ? ಅಕ್ಕಿ ಚೀಲ ಹೇರತೀರೇನು?"

ಗಾಳಿ ಬಿಗಿ ಇದ್ದಷ್ಟೂ ಒಳ್ಳೆಯದೆಂದು ನಿಮ್ಮ ಮಾವ ಎರಡೆರಡು ಸಲ ತುಂಬಿಸಿದ್ದನಂತೆ. ಆ ಪ್ರಶ್ನೆ ಅವನಿಗೆ ಕೇಳಿಸಲಿಲ್ಲ. ನೆಲ ಮುಟ್ಟೋದು ಟೈರ್ ಒಂದ ಎಂಬಷ್ಟೇ ಕೇಳಿಸಿ, ಭಾವನ ಕಡೆ ಹೆಮ್ಮೆಯಿಂದ ನೋಡಿದ. ಒತ್ತಿ ಹಿಡಿಯೋದು ಸಸ್ಪೆನ್ಷನ್ ಎಂಬಷ್ಟೇ ಕೇಳಿಸಿಕೊಂಡ ನಿಮ್ಮಪ್ಪ ಮೀಸೆ ತಿರುವಿದರು. ಕಾಳಿನ ಮಾತು ನನ್ನೊಬ್ಬಳಿಗೇ ಕೇಳಿಸಿತು. ಖಾಲಿ ಗ್ಲಾಸು ನನಗೆ ಮರಳಿ ಕೊಡುತ್ತ ಸಾಹೇಬರು ದನಿ ತಗ್ಗಿಸಿ, "ಅಮ್ಮಾ, ಕಾಳು ತಿರುವು ಬಿಟ್ಟು ಆಚೀಕ ಹರವ್ರಿ" ಎಂದರು. ಅಷ್ಟೇ. ಯಾರ ಮುಂದೆಯೂ ಮತ್ತೆ ಎತ್ತಲಿಲ್ಲ.

ನಿಮ್ಮಪ್ಪ ಮತ್ತೆ ಗಂಗಾವತಿಯ ಮಾತು ತೆಗೆದರು. ಆಗ ನಿಮ್ಮವ್ವ ಸಾರಿನ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದಳು. ನನ್ನಂತಲ್ಲ ಅವಳು, ನಿಮ್ಮಜ್ಜನಂತೆ.

"ಟೈರು ಅವನವು, ಶಾಕಬ್ಸರು ನಿಮ್ಮವು, ಹೊಟ್ಟಿ ನಂದೈತಿ. ಅದು ಇಲ್ಲೇ ಇರತೈತಿ. ಹಿಂದಿನವೆರಡೂ ಹಾಕಿಸ್ರಿ, ಗಾಳಿ ಇಳಸ್ರಿ, ಬಾಯಿ ಮುಚ್ರಿ."

ಬಟ್ಟಲಲ್ಲಿ ಏನೆಂದು ಕೇಳುವ ಧೈರ್ಯ ನಿಮ್ಮಪ್ಪನಿಗೆ ಆಗಲಿಲ್ಲ. ಅಂದೇ ಹಿಂದಿನ ಶಾಕಬ್ಸರ್ ಬಂದವು.

ಹೀಗೆ ನಾನು ಹೇಳಬೇಕಾದದ್ದನ್ನು ಹೇಳದೆಯೇ ಮಗಳು ಉಳಿದಳು. ಅದು ನನ್ನನ್ನು ಕೊರೆಯತೊಡಗಿತು. ಬಾಯಿಂದ ಆಗದ್ದನ್ನು ಕೈಯಿಂದ ಮಾಡಿದೆ. ಮರುದಿನದಿಂದ ಒಂದೂವರೆ ತಿಂಗಳು, ಬೆಳಗ್ಗೆ ಒಮ್ಮೆ, ಊಟದ ಹೊತ್ತಿಗೊಮ್ಮೆ, ಪೊರಕೆ ಹಿಡಿದು ಹೋಗಿ ಆ ತಿರುವು ಗುಡಿಸಿದೆ. ಬೇರೆಯವರ ಹುರುಳಿ ಇದ್ದರೆ ಆಚೆ ಸರಿಸಿ, ಹರವಿದವರ ಬೈಗುಳ ತಿಂದೆ. ಗಂಡ ಸತ್ತ ಮೇಲೆ ಮುದುಕಿಗೆ ತಲೆ ನಿಂತಿಲ್ಲ, ಸರ್ಕಾರದ ರಸ್ತೆಗೆ ಕಸ ಹೊಡೆಯುತ್ತಾಳೆ ಎಂದು ಊರು ನಕ್ಕಿತು. ಮಗ ಹೊರಸಿನ ಮೇಲೆ ಕೂತು, ಹರಕೆ ಏನಾದರೂ ಇದೆಯೇನವ್ವ ಎಂದು ಕೇಳಿದ. ಹೌದು ಎಂದೆ.

ನಿಮ್ಮವ್ವನಿಗೆ ನೋವು ಬಂದದ್ದು ಒಂದು ಮಧ್ಯಾಹ್ನ. ದಿನ ಹತ್ತಿರವೆಂದು ಅಳಿಯನೂ ಬಂದಿದ್ದರು. ಮಗ ಓಡಿಸಿದ, ಅಳಿಯ ಪಕ್ಕದಲ್ಲಿ ಕೂತರು, ಹಿಂದೆ ನನ್ನ ತೊಡೆಯ ಮೇಲೆ ಅವಳ ತಲೆ. ತಿರುವು ಬಂತು. ನಾನು ಕಣ್ಣು ಮುಚ್ಚಿದೆ. ಕಾರು ಒಂದು ಬೆರಳಿನಷ್ಟೂ ಕದಲದೆ ತಿರುಗಿ ಕೊಪ್ಪಳದ ದಾರಿ ಹಿಡಿಯಿತು.

"ಟೈರು ನೋಡ್ರಿ ಭಾವಾರ, ಹೆಂಗ ಹಿಡೀತು."

"ಹಿಂದಿನವೆರಡೂ ಹಾಕಿಸಿದ್ದಕ್ಕಪ್ಪ."

ನಿಮ್ಮವ್ವ ಅಂಥ ನೋವಿನಲ್ಲಿಯೂ ಕಣ್ಣು ತೆರೆದು ನನ್ನನ್ನು ನೋಡಿದಳು. ನನ್ನ ಅಂಗೈಯನ್ನು ತಿರುಗಿಸಿ, ಪೊರಕೆ ಹಿಡಿದು ಎದ್ದ ಬೊಕ್ಕೆಗಳ ಮೇಲೆ ಬೆರಳಾಡಿಸಿದಳು. ಅವಳಿಗೆ ಗೊತ್ತಿತ್ತು. ಮುಂದಿನ ಸೀಟಿನವರು ಆಸ್ಪತ್ರೆಯ ಬಾಗಿಲವರೆಗೂ ವಾದ ಬಿಡಲಿಲ್ಲ. ಚಿನ್ನವ್ವ, ನೀನು ಒಳಗೆ ಅತ್ತದ್ದು ಕೇಳಿಸಿದಾಗಲೂ ಅವರು ಹೊರಗೆ ಅದನ್ನೇ ಮಾತಾಡುತ್ತಿದ್ದರು.

ನಿಮ್ಮ ಪ್ರಶ್ನೆಗೆ ಉತ್ತರ ಸಾಹೇಬರು ಹೇಳಿದ್ದೇ. ಅದಕ್ಕೆ ನಾನು ಸೇರಿಸುವುದು ಪೊರಕೆ ಒಂದನ್ನೇ. ಇದನ್ನು ಆ ಇಬ್ಬರಿಗೆ ಈಗಲೇ ಹೇಳಬೇಡಿ. ಅಂದಿನಿಂದ ಹಬ್ಬಕ್ಕೆ ಬಂದರೆ ಅವರಿಗೆ ಒಬ್ಬರೊಡನೊಬ್ಬರು ಮಾತಾಡಲು ಇರುವುದು ಅದೊಂದೇ. ವಾದ ತೀರಿದರೆ ಕಟ್ಟೆಯ ಮೇಲೆ ಸುಮ್ಮನೆ ಕೂರಬೇಕಾದೀತು. ಈ ಹಾಳೆಗಳನ್ನು ಮಡಚಿ, ನೀರು ತಾಗದಂತೆ ಕಟ್ಟಿ, ನಮ್ಮ ಅಡುಗೆಮನೆಯ ಹುರುಳಿ ಡಬ್ಬಿಯ ತಳದಲ್ಲಿ ಜೋಪಾನವಾಗಿ ಇಡಿ. ಇಷ್ಟು ವರ್ಷದಲ್ಲಿ ಅವರಿಬ್ಬರಲ್ಲಿ ಒಬ್ಬರೂ ಆ ಡಬ್ಬಿಯ ಮುಚ್ಚಳ ತೆಗೆದವರಲ್ಲ.