ವಿದ್ಯಾಗಿಡ ತಿಂದವರು ಯಾರು?

ನಮ್ಮ ವಿಜ್ಞಾನದ ಮಾಸ್ತರ ಬೆರಳು ಮಳೆಗಾಲವಿಡೀ ಬಾತುಕೊಂಡೇ ಇರುತ್ತಿದ್ದವು. ಕಂಬಳಿಹುಳ ಹಿಡಿಯುವುದು, ತುರಿಕೆ ಎದ್ದರೆ ಕರಿ ಕಂಬಳಿಯ ತುಂಡಿನಿಂದ ತಿಕ್ಕಿಕೊಳ್ಳುವುದು, ಮತ್ತೆ ಹಿಡಿಯುವುದು. 'ಸಾಕಾಗೇತವ್ವಾ, ಆದ್ರ ಹುಳಕ್ಕ ಸೂಟಿ ಇಲ್ಲಲ್ಲ' ಎನ್ನುತ್ತಿದ್ದರು.

ಎಂಬತ್ತರ ದಶಕದ ಮಾತು. ರಾಣೆಬೆನ್ನೂರಿನ ನಮ್ಮ ಶಾಲೆಯ ಅಂಗಳದಲ್ಲಿ ಇದ್ದದ್ದು ಒಂದೇ ವಿದ್ಯಾಗಿಡ. ಅದರ ಚಪ್ಪಟೆ ಎಲೆ ಪುಸ್ತಕದಲ್ಲಿಟ್ಟರೆ ವಿದ್ಯೆ ತಲೆಗೆ ಹತ್ತುತ್ತದೆಂದು ನಂಬಿದ್ದೆವು, ಹುಚ್ಚು ಖೋಡಿಗಳು! ಆ ವರ್ಷ ಗಿಡ ಬೋಳಾಯಿತು. ಟೊಂಗೆಗಳ ಮೇಲೆ ಕಂಬಳಿಹುಳ ಹರಿದಾಡುತ್ತಿದ್ದವು.

'ಹುಳಾನ ತಿಂದಾವ, ಹುಳಾ ಸಾಯೂ ಎಣ್ಣಿ ಹೊಡಸ್ರಿ' ಎಂದರು ಹೆಡ್‌ಮಾಸ್ತರು.

'ತಡೀರಿ. ಇವು ಹುಲಿಪತಂಗದ ಮರಿ. ಥಂಡಿ ದೇಶದಾಗ ಇಂಥಾ ಗಿಡಾನ ತಿನ್ನೂ ಜಾತಿ ಅದಾವ. ನಮ್ಮವು ತಿಂತಾವೇನು ನೋಡೂಣು' ಎಂದ ನಮ್ಮ ಮಾಸ್ತರು ಐದು ಹುಳ ಬಾಟಲಿಗೆ ಹಾಕಿ ವಿದ್ಯಾಗಿಡದ ಎಲೆ ಇಟ್ಟರು. ಮೂರು ದಿನ ಮೂಸಿಯೂ ನೋಡಲಿಲ್ಲ. ನಾಲ್ಕನೇ ದಿನ ಪಕ್ಕದ ಹೊಲದ ಶೇಂಗಾ ಎಲೆ ಹಾಕಿದರೆ ಸಂಜೆಗೆ ಬರೀ ಕಡ್ಡಿ.

ಹುಳ ತಿಂದಿಲ್ಲವೆಂದು ಖಾತ್ರಿಯಾದ ಮೇಲೆ ಮಾಸ್ತರು ಸೀದಾ ನನ್ನ ಹತ್ತಿರ ಬಂದು ಉಬ್ಬಿಕೊಂಡಿದ್ದ ನನ್ನ ಪುಸ್ತಕ ಝಾಡಿಸಿದರು. ಎಲೆಗಳು ರಾಶಿ ಬಿದ್ದವು. ಇಡೀ ವರ್ಗಕ್ಕೆ ಕಿತ್ತು ಹಂಚಿದವಳು ನಾನೇ. ಒಂದು ದೂರು ಬಂದರೂ ಸಾಲಿ ಬಿಡಿಸಲು ಅಪ್ಪ ಕಾಯುತ್ತಿದ್ದ. ಅಷ್ಟರಲ್ಲಿ ಹೆಡ್‌ಮಾಸ್ತರು ಬಾಗಿಲಲ್ಲಿ.

'ಯಾರು ಕಿತ್ತಾರ?'

'ನಾನ ರೀ. ಪಾಠಕ್ಕ ಬೇಕಾಗಿತ್ತು' ಎಂದರು ನಮ್ಮ ಮಾಸ್ತರು.

ಹುಡುಗರೆದುರೇ ಬೈಸಿಕೊಂಡರು. ಗಿಡ ಚಿಗುರುವವರೆಗೆ ನೀರು ಹೊರುವ ಶಿಕ್ಷೆಯೂ ಅವರಿಗೇ ಬಂತು. ಬಾತ ಬೆರಳಲ್ಲಿ ಬಕೀಟು ಹಿಡಿದು, ಎರಡು ಹೆಜ್ಜೆಗೊಮ್ಮೆ ಇಳಿಸಿ, ದಮ್ಮು ಕಟ್ಟಿ ನಿಲ್ಲುತ್ತಿದ್ದರು. ನಾನು ಕೈಚಾಚಿದರೆ 'ನೀ ಓದ ಹೋಗು' ಎನ್ನುತ್ತಿದ್ದರು.

'ಸರ್, ಸುಳ್ಳ ಯಾಕ ಹೇಳಿದ್ರಿ?' ಎಂದು ಒಮ್ಮೆ ಕೇಳಿದೆ.

'ಹುಳದ ಮ್ಯಾಲಿನ ಅಪವಾದ ಸುಳ್ಳಿತ್ತು, ತಗದ್ವಿ. ನಿಂದು ಖರೇ ಇತ್ತಲ್ಲ. ಅದನ್ನ ತಗ್ಯಾಕ ಬ್ಯಾರೆ ದಾರಿ ಇರಲಿಲ್ಲ.'

ನಾನು ಪಾಸಾದೆ. ಹಲಗೇರಿಯ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರೂ ಆದೆ. ಈಗ ಹುಡುಗರ ಗದ್ದಲಕ್ಕೆ ನನಗೂ ಸಾಕುಸಾಕಾಗುತ್ತದೆ. ಮಾಸ್ತರು ಹೇಗೆ ತಡೆದುಕೊಂಡರೋ ತಿಳಿಯದು. ತೊಂಬತ್ತರ ದಶಕದ ಕೊನೆಗೆ ಅವರು ಬ್ಯಾಡಗಿಯಲ್ಲಿ ತೀರಿಕೊಂಡಾಗ ಹೋಗಿದ್ದೆ. ಮುಪ್ಪಾದ ಹೆಡ್‌ಮಾಸ್ತರೂ ಬಂದು ಕಟ್ಟೆಯ ಮೇಲೆ ಕೂತಿದ್ದರು.

'ಭಾಳ ಚಲೋ ಮನಷ್ಯಾ. ಆದ್ರ ಆ ಗಿಡಾ ಒಂದು ಬೋಳ ಮಾಡಿಬಿಟ್ಟಿದ್ರು ನೋಡವ್ವಾ' ಎಂದರು.

'ನಾನ ರೀ ಕಿತ್ತಾಕಿ' ಎಂದೆ. ಅಷ್ಟು ಹೇಳಲು, ನಮ್ಮ ಮಾಸ್ತರು ಒಳಗೆ ಚಾಪೆಯ ಮೇಲೆ ಉಸಿರಿಲ್ಲದೆ ಮಲಗಬೇಕಾಯಿತು.