ಕಚ್ಚಿದ್ದನ್ನು ಬರೆಯದ ಪದ್ಮಜಾ ಆಂಟಿ

ಕಿರಣ ಪದ್ಮಜಾ ಆಂಟಿಯನ್ನು ಮೊದಲ ಸಲ ಕಚ್ಚಿದ್ದು ಸೆಪ್ಟೆಂಬರ್ ಕೊನೆಯ ವಾರ, ಶಾಲೆಯ ಕೆಫೆಟೇರಿಯಾದಲ್ಲಿ. ಹಲ್ಲು ಮುಂಗೈಯೊಳಗೆ ಇಳಿದಿತ್ತು. ಬಿಡಿಸಿಕೊಳ್ಳಲು ಹೋದಷ್ಟೂ ಹಿಡಿತ ಬಿಗಿಯಾಯಿತು.

ಆಂಟಿಗೆ ಐವತ್ತೆರಡು ವರ್ಷ, ಊರು ಧಾರವಾಡ. ಅಮೆರಿಕದ ಸೀಕಾಕಸ್‌ನ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಲಂಚ್ ಏಡ್ ಆಗಿದ್ದರು. ದಿನಕ್ಕೆ ಎರಡೂವರೆ ಗಂಟೆಯ ಕೆಲಸ: ಚಿಕ್ಕ ಮಕ್ಕಳಿಗೆ ಹಾಲಿನ ಡಬ್ಬಿ ಬಿಚ್ಚಿಕೊಡುವುದು, ಮೇಜು ಒರೆಸುವುದು, ಜಗಳ ಬಿಡಿಸುವುದು. ಅವರ ಮನೆಯ ಮೇಲಿನ ಮಹಡಿ ನಮ್ಮದು. ಶಾಲೆಯೊಳಗೆ ನಡೆದದ್ದನ್ನು ಅವರು ಹೇಳಿದ ಹಾಗೆ ಬರೆದಿದ್ದೇನೆ. ನಾನೇ ಕಂಡದ್ದನ್ನು ಮಾತ್ರ ಕಂಡೆ ಎಂದು ಬರೆದಿದ್ದೇನೆ.

ಕಿರಣನ ಪೂರ್ತಿ ಹೆಸರು ಬಸವಕಿರಣ್. ಏಳು ವರ್ಷ, ಎರಡನೆಯ ಕ್ಲಾಸು. ಆ ದಿನ ಪಕ್ಕದ ಹುಡುಗ ಅವನ ಊಟದ ಡಬ್ಬಿಯನ್ನು ಸ್ವಲ್ಪ ಸರಿಸಿದ್ದ, ಅಷ್ಟೇ. "ಡೋಂಟ್ ಟಚ್! ಡೋಂಟ್ ಟಚ್!" ಎಂದು ಕಿರುಚುತ್ತ ಕಿರಣ ಆ ಹುಡುಗನ ಕತ್ತಿಗೆ ಕೈ ಹಾಕಿದ. ಆಂಟಿ ನಡುವೆ ಕೈ ತೂರಿಸಿದರು.

"ಬಿಡೋ ಅಪ್ಪು, ಬಿಡು. ಯಾರೂ ಮುಟ್ಟಂಗಿಲ್ಲ."

ಕನ್ನಡ ಕೇಳಿ ಅವನ ದವಡೆ ಸಡಿಲವಾಯಿತು. ಬಾಯ್ತುಂಬ ರಕ್ತ ಇಟ್ಟುಕೊಂಡು "ಅಮ್ಮಾ" ಎಂದು ಅಳತೊಡಗಿದ.

ಯಾರಿಗಾದರೂ ಪೆಟ್ಟಾದರೆ ಅದೇ ದಿನ ಒಂದು ಹಾಳೆ ತುಂಬಿ ಆಫೀಸಿಗೆ ಕೊಡಬೇಕೆಂಬುದು ಅಲ್ಲಿಯ ನಿಯಮ. ಬೇರೆ ಮಕ್ಕಳ ವಿಷಯದಲ್ಲಿ ಆಂಟಿ ಒಂದು ದಿನವೂ ತಪ್ಪಿಸಿದವರಲ್ಲ. ಕಿರಣನ ಹಾಳೆಯನ್ನು ಮಾತ್ರ ತುಂಬಲಿಲ್ಲ. ಅವನ ತಾಯಿ ಸುಪ್ರಿಯಾ ಕನ್ನಡ ಕೂಟದಲ್ಲಿ ಪರಿಚಯವಾದವರು. "ನಮ್ಮ ಹುಡುಗ. ಕಾಗದದ ಮ್ಯಾಲೆ ಯಾಕ ಹೆಸರು ಕೆಡಿಸೂದು?" ಎಂದು ಆಂಟಿ ನನಗೆ ಹೇಳಿದ್ದರು. ಶಾಲೆಯ ನರ್ಸ್ ಕೇಳಿದಾಗ ಮನೆಯಲ್ಲಿ ಬಿಸಿ ಕಾವಲಿ ತಾಗಿತು ಎಂದರು. ಮರುದಿನದಿಂದ ತುಂಬುತೋಳಿನ ಸ್ವೆಟರ್.

ಅಕ್ಟೋಬರ್‌ನಲ್ಲಿ ಆಂಟಿಯ ಹೊಟ್ಟೆಗೆ ಅವನ ಒದೆ ಬಿತ್ತು. ನವೆಂಬರ್‌ನಲ್ಲಿ ಬೀಸಿ ಎಸೆದ ತಟ್ಟೆ ಹುಬ್ಬು ಸೀಳಿತು, ಮೂರು ಹೊಲಿಗೆ ಹಾಕಬೇಕಾಯಿತು. ಒದ್ದೆ ನೆಲದ ಮೇಲೆ ಜಾರಿದೆ ಎಂದರು. ಅವನ ಮೇಜಿನ ಹತ್ತಿರವೇ ನಿಲ್ಲುತ್ತಿದ್ದರು. ಬೇರೆ ಮಗುವಿಗೆ ಬೀಳಬೇಕಾದ ಏಟು ತಮಗೇ ಬೀಳಲಿ ಎಂದು.

ಜನವರಿಯ ಒಂದು ಶನಿವಾರ ಇಂಡಿಯನ್ ಅಂಗಡಿಯ ಪಾರ್ಕಿಂಗ್‌ನಲ್ಲಿ ಸುಪ್ರಿಯಾ ಸಿಕ್ಕರು. ನಾನೂ ಅಕ್ಕಿ ಚೀಲ ಹಿಡಿದು ಪಕ್ಕದಲ್ಲಿದ್ದೆ. ಸುಪ್ರಿಯಾ ಅವರ ಬಲಗೈ ಬೆರಳಿಗೆ ಪಟ್ಟಿ ಇತ್ತು.

"ಬಾಗಿಲು ತಾಗ್ತು ಆಂಟಿ."

"ನನಗೂ ಕಾವಲಿ ತಾಗಿತ್ತು ನೋಡು," ಎಂದು ಆಂಟಿ ಸ್ವೆಟರಿನ ತೋಳು ಮೇಲೆ ಸರಿಸಿದರು.

ಸುಪ್ರಿಯಾ ಆ ಗುರುತುಗಳನ್ನು ನೋಡುತ್ತ ನಿಂತುಬಿಟ್ಟರು. ಮನೆಯಲ್ಲೂ ಇದೇ ಕಥೆ ಎಂದರು. ಟೀಚರ್ ಹತ್ತಿರ ಮೂರು ಸಲ ಹೇಳಿದ್ದಾರೆ, "ಓದೋದ್ರಲ್ಲಿ ಚೆನ್ನಾಗಿದಾನೆ, ನೋಡೋಣ" ಅಂದರಂತೆ.

"ಬಾಯಿಲೆ ಹೇಳಿದ್ರ ನಡಿಯಂಗಿಲ್ಲವ್ವ. ಪತ್ರ ಬರಿ. ಸ್ಪೆಷಲ್ ಎಜುಕೇಶನ್ನಿಗೆ ಪರೀಕ್ಷೆ ಮಾಡ್ರಿ ಅಂತ ಬರದು, ತಾರೀಖು ಹಾಕಿ, ಸಹಿ ಮಾಡಿ ಕೊಡು. ಪರೀಕ್ಷೆ ಬೇಕೋ ಬ್ಯಾಡೋ ಅಂತ ಇಪ್ಪತ್ತು ದಿನದಾಗ ಅವರು ಮೀಟಿಂಗ್ ಕರೀಲೇಬೇಕು."

ಕಾರಿನಲ್ಲಿದ್ದ ಗಂಡ ಮೃತ್ಯುಂಜಯ ಇಳಿದು ಬಂದರು. "ನನ್ನ ಮಗಗ ಹುಚ್ಚು ಹಿಡದದ ಅಂತೀರೇನ್ರಿ? ಹಾಲಿನ ಡಬ್ಬಿ ಬಿಚ್ಚೂದು ನಿಮ್ಮ ಕೆಲಸ. ಡಾಕ್ಟರ್ ಆಗಬ್ಯಾಡ್ರಿ."

"ಹುಚ್ಚು ಅಂತ ನಾ ಅಂದಿಲ್ಲ."

"ನನ್ನನ್ನೂ ಸಾಲ್ಯಾಗ ಬೆಂಚಿನ ಮ್ಯಾಲೆ ನಿಲ್ಲಿಸಿ ಬಾರಸ್ತಿದ್ರು. ಎಂಜಿನಿಯರ್ ಆಗ್ಲಿಲ್ಲೇನು ನಾ?"

"ಆಗೀರಿ ಖರೆ. ಆ ಏಟು ಮರತೀರೇನು ಮತ್ತ?"

ಅಪ್ಪನ ದನಿ ಏರುತ್ತಲೇ ಕಿರಣ ಕಾರಿನಿಂದ ಹೊರಬಂದು ಎರಡೂ ಕಿವಿ ಮುಚ್ಚಿಕೊಂಡಿದ್ದ. ಮೃತ್ಯುಂಜಯ ಅವನ ರಟ್ಟೆ ಹಿಡಿದು ಒಳಗೆ ತಳ್ಳಲು ಹೋದರು. ಹುಡುಗ ಕೊಸರಿಕೊಂಡು ತನ್ನ ಹಣೆಯನ್ನು ಕಾರಿನ ಬಾಗಿಲಿಗೆ ಚಚ್ಚಿದ. ಮತ್ತೆ ಚಚ್ಚಿದ. ಮೂರನೆಯ ಸಲ ನಡುವೆ ಆಂಟಿಯ ಅಂಗೈ ಬಂತು. ಬಿಳಿ ಬಾಗಿಲ ಮೇಲೆ ರಕ್ತ ಇಳಿಯುತ್ತಿತ್ತು. ನಾನು ಕಂಡೆ. ಮೃತ್ಯುಂಜಯ ಕೈ ಇಳಿಬಿಟ್ಟು ನಿಂತಿದ್ದರು.

ಫೆಬ್ರವರಿ ಮೂರರಂದು ಸುಪ್ರಿಯಾ ಪತ್ರ ಕೊಟ್ಟರು. ಒಬ್ಬರೇ ಸಹಿ ಮಾಡಿದ್ದರು. ಮೀಟಿಂಗ್‌ಗೆ ನಾಲ್ಕು ದಿನ ಇದ್ದಾಗ ಶಾಲೆಯಿಂದ ಅವರಿಗೆ ಫೋನ್ ಬಂತು. ಅದಾದ ಮೇಲೆ ಸುಪ್ರಿಯಾ ನೇರವಾಗಿ ಆಂಟಿಯ ಅಡುಗೆಮನೆಗೆ ಬಂದರು. ನಾನು ಅಲ್ಲೇ ಹುರುಳಿಕಾಯಿ ಬಿಡಿಸುತ್ತಿದ್ದೆ.

"ಅವನ ಫೈಲಲ್ಲಿ ಒಂದು ಶೀಟೂ ಇಲ್ವಂತೆ ಆಂಟಿ. ಸ್ಕೂಲಲ್ಲಿ ಫೈನ್ ಆಗಿದಾನೆ, ಇದು ನಿಮ್ಮನೇ ಪ್ರಾಬ್ಲಮ್ ಇರ್ಬಹುದು, ಟೆಸ್ಟಿಂಗ್ ಬೇಕಾಗಲ್ಲ ಅಂತಿದಾರೆ. ಅಷ್ಟು ಕಚ್ಚಿದ್ದು, ಹೊಡೆದಿದ್ದು ಎಲ್ಲಾ ಎಲ್ಲಿ ಹೋಯ್ತು?"

"ನಾ ಬರೀಲಿಲ್ಲವ್ವ."

"ಒಂದೂ?"

"ಒಂದೂ ಇಲ್ಲ. ನಮ್ಮ ಹುಡುಗ ಅಂತ…"

ಸುಪ್ರಿಯಾ ಕೈಗೆ ಸಿಕ್ಕ ಸ್ಟೀಲ್ ಲೋಟವನ್ನು ಗೋಡೆಗೆ ಎಸೆದರು. "ಯಾರ್ ಕೇಳಿದ್ರು ನಿಮ್ಮನ್ನ? ಯಾರ್ ಕೇಳಿದ್ರು ಈ ಉಪಕಾರ?" ಆಂಟಿಯ ಮುಂಗೈಯನ್ನು ಕಚ್ಚಿದ ಕಲೆಯ ಮೇಲೇ ಹಿಡಿದು ಹಿಂಡಿದರು. ಆಂಟಿ ಬಿಡಿಸಿಕೊಳ್ಳಲಿಲ್ಲ.

ಅವರು ಹೋದ ಮೇಲೆ ಆಂಟಿ ಶಾಲೆಯ ಊಟದ ಪಟ್ಟಿಗಳನ್ನು ಹುಡುಕಿ ತೆಗೆದರು. ತಿಂಗಳಿಗೊಂದು ಪಟ್ಟಿ, ಯಾವ ದಿನ ಯಾವ ಊಟ ಎಂದು. ಅದರಿಂದಲೇ ತಾರೀಖು ಹಿಡಿದರು. ತಟ್ಟೆ ಎಸೆದದ್ದು ಪಿಜ್ಜಾ ಇದ್ದ ಶುಕ್ರವಾರ. ಒದ್ದದ್ದು ಫೈರ್ ಡ್ರಿಲ್ ಆದ ಪಾಸ್ತಾ ದಿನ. ಏಟಿಗೆ ಮುಂಚೆ ಏನಾಗಿತ್ತು ಎಂಬುದನ್ನೂ ಬರೆದರು: ಗಂಟೆ ಬಾರಿಸಿದ್ದು, ಕುರ್ಚಿ ಎಳೆದ ಸದ್ದು, ಡಬ್ಬಿ ಮುಟ್ಟಿದ ಕೈ. ಚಿಕ್ಕಪುಟ್ಟ ಏಟುಗಳೂ ಸೇರಿ ಒಟ್ಟು ಹನ್ನೊಂದು ಹಾಳೆ.

ಗಂಡ ಗಣಪತಿ ಅಂಕಲ್ ಓದಿ ನೋಡಿದರು. "ಕೆಲಸ ಹೋಗ್ತದ, ಗೊತ್ತದ ಏನು?"

"ಗೊತ್ತದ. ಸ್ಟೇಪ್ಲರ್ ಕೊಡ್ರಿ."

ಮರುದಿನ ಪ್ರಿನ್ಸಿಪಾಲರು ಹಾಳೆಗಳನ್ನು ಓದುತ್ತಿರುವಷ್ಟು ಹೊತ್ತೂ ಆಂಟಿ ಆಫೀಸಿನಲ್ಲೇ ಕೂತಿರಬೇಕಾಯಿತು. ಕೆಫೆಟೇರಿಯಾದಲ್ಲಿ ಕಿರಣನ ಮೇಜಿನ ಹತ್ತಿರ ಯಾರೂ ಇರಲಿಲ್ಲ. ಐಶ್ವರ್ಯಾ ಎಂಬ ಹುಡುಗಿ ಅವನ ಡಬ್ಬಿ ದಾಟಿ ನ್ಯಾಪ್ಕಿನ್‌ಗೆ ಕೈ ಚಾಚಿದಳು. ಅವನು ಸ್ಟೀಲ್ ನೀರಿನ ಬಾಟಲಿಯಿಂದ ಅವಳ ಬಾಯಿಗೆ ಹೊಡೆದ. ಎರಡು ಹಲ್ಲು ಮುರಿದವು. ಆ ಕಿರುಚಾಟ ಆಫೀಸಿನವರೆಗೂ ಕೇಳಿಸಿತು. ಆಂಟಿ ಓಡಲು ಎದ್ದರು. "ಕೂತ್ಕೊಳ್ಳಿ, ಇನ್ನು ನೀವು ಅಲ್ಲಿಗೆ ಹೋಗೋ ಹಾಗಿಲ್ಲ," ಎಂದು ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಹೇಳಿ, ಬ್ಯಾಡ್ಜ್ ಕೇಳಿ ಪಡೆದರು.

ಐದು ತಿಂಗಳ ಹಿಂದೆಯೇ ಬರೆದಿದ್ದರೆ ಆ ಹುಡುಗಿಯ ಹಲ್ಲು ಉಳಿಯುತ್ತಿತ್ತು ಎಂದು ಆಂಟಿ ಹೇಳುತ್ತಾರೆ. ಅವಳ ಮನೆಗೆ ಹೋಗಿದ್ದರು. ಬಾಗಿಲು ತೆರೆದ ತಾಯಿ ಆಂಟಿಯ ಹುಬ್ಬಿನ ಕಲೆ ನೋಡಿ, "ನಿಮಗೆ ಗೊತ್ತಿತ್ತು," ಎಂದು ಇಂಗ್ಲಿಷಿನಲ್ಲಿ ಹೇಳಿ ಬಾಗಿಲು ಹಾಕಿಕೊಂಡರು.

ಮೀಟಿಂಗ್‌ನಲ್ಲಿ ಮೇಜಿನ ಮೇಲೆ ಆ ಹನ್ನೊಂದು ಹಾಳೆ, ಜೊತೆಗೆ ಐಶ್ವರ್ಯಾಳದ್ದು ಹನ್ನೆರಡನೆಯದು. ಹುಡುಗನನ್ನು ಪರೀಕ್ಷೆ ಮಾಡಲೇಬೇಕು ಎಂದು ಶಾಲೆಯವರೇ ಅಂದರು. ಒಪ್ಪಿಗೆ ಪತ್ರಕ್ಕೆ ಸುಪ್ರಿಯಾ ಸಹಿ ಹಾಕಿದರು. ಮೃತ್ಯುಂಜಯ ಹಾಕಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹಾಳೆಗಳನ್ನು ಒಂದೊಂದಾಗಿ ಓದುತ್ತಿದ್ದವರು, ಮೀಟಿಂಗ್ ಮುಗಿದ ಮೇಲೂ ಓದುತ್ತಿದ್ದರಂತೆ.

ಪರೀಕ್ಷೆ ಶುರುವಾದ ದಿನ ಸುಪ್ರಿಯಾ ಫೋನ್ ಮಾಡಿದರು. ಲೋಟ ಎಸೆದ ಮೇಲೆ ಅದೇ ಮೊದಲ ಮಾತು.

"ಹತ್ತೇ ನಿಮಿಷಕ್ಕೆ ಸೈಕಾಲಜಿಸ್ಟ್ ಕಾಲಿಗೆ ಜೋರಾಗಿ ಒದ್ದ ಆಂಟಿ."

"ಅವರೇನಂದ್ರು?"

"ಏನೂ ಅನ್ಲಿಲ್ಲ. ಕಾಲು ಉಜ್ಜಿಕೊಂಡ್ರು, ಟೈಮ್ ನೋಡಿದ್ರು, ಬರ್ಕೊಂಡ್ರು."

"ಬರಕೊಳ್ಳಲಿ," ಎಂದರು ಆಂಟಿ. "ಎಲ್ಲಾ ಬರಕೊಳ್ಳಲಿ."